ಬಿಟ್ಟುಹೋದ ಮೂರು ನುಡಿ

(ಹಾಸನದಲ್ಲಿ ಆಡಿದ ಮಾತು ಇದು. ಎದುರಿಗೆ ಕೂತಿದ್ದವರಲ್ಲಿ ಕನ್ನಡ ಮೇಷ್ಟ್ರುಗಳು, ಎಂ.ಎ. ಓದುವ ಹುಡುಗ ಹುಡುಗಿಯರು ಜಾಸ್ತಿ. ಹಾಡುವವರೂ ಕೆಲವರಿದ್ದರು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಹಾಸನದಲ್ಲಿ ನಿಂತು ಜಾನಪದದ ಮಾತು ಎತ್ತಿದ ಮೇಲೆ ಹಾಸನಾಂಬೆಯನ್ನು ದಾಟಿ ಹೋಗುವುದು ಹೇಗೆ? ಆ ಗುಡಿಯ ಬಾಗಿಲು ತೆಗೆಯುವುದು ವರ್ಷಕ್ಕೆ ಒಂದು ಸಲ, ದೀಪಾವಳಿಯ ಆಸುಪಾಸಿನಲ್ಲಿ. ಒಳಗೆ ಒಂದು ಕಲ್ಲಿದೆ. ಸೊಸೆಕಲ್ಲು ಅಂತಾರೆ. ಕಥೆ ನಿಮಗೆಲ್ಲ ಗೊತ್ತು. ಸೊಸೆಯೊಬ್ಬಳು ದಿನಾ ದೇವಿಯನ್ನು ನೋಡಲು ಬರುತ್ತಿದ್ದಳು. ಮನೆಗೆಲಸ ಬಿಟ್ಟು ಇಲ್ಲಿ ಕೂತಿದ್ದೀಯಾ ಅಂತ ಅತ್ತೆ ಹಿಂದೆಯೇ ಬಂದು ತಲೆಗೆ ಹೊಡೆದಳು. ಸೊಸೆ ಅಮ್ಮಾ ಅಂತ ಕೂಗಿಕೊಂಡಳು. ದೇವಿ ಅವಳನ್ನು ಕಲ್ಲು ಮಾಡಿ ತನ್ನ ಎದುರಿಗೇ ಇಟ್ಟುಕೊಂಡಳು. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ಮುಂದಕ್ಕೆ ಸರಿಯುತ್ತದೆ. ದೇವಿಯ ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ.

ಈ ಒಂದು ಕಥೆಯನ್ನು ನಾನು ನಾಲ್ಕು ಥರದ ಜನರಿಂದ ನಾಲ್ಕು ಥರ ಕೇಳಿದ್ದೇನೆ. ನಮ್ಮ ಶಾಲೆಯ ಹಳೇ ಕಾಲದ ಮೇಷ್ಟ್ರು ಇದನ್ನು ಭಕ್ತಿಯ ಕಥೆ ಅಂದರು. ನಮ್ಮ ನಾಡಿನ ಹೆಣ್ಣುಮಗಳು ಎಂಥವಳು ನೋಡಿ ಅಂದರು. ನಾನು ಕಾಲೇಜಿಗೆ ಬಂದಾಗ ಎಡಪಂಥದ ಗೆಳೆಯರು ಇದು ದುಡಿಮೆಯ ಕಥೆ ಅಂದರು. ಪುಕ್ಕಟೆ ದುಡಿಯುವ ಹೆಣ್ಣು ಅರ್ಧ ಗಳಿಗೆ ಕೆಲಸ ಬಿಟ್ಟಿದ್ದಕ್ಕೆ ಬಿದ್ದ ಏಟು ಅದು ಅಂದರು. ಆಮೇಲೆ ಬಂದ ಹೆಣ್ಣುಮಕ್ಕಳು ಬೇರೆ ಪ್ರಶ್ನೆ ಕೇಳಿದರು. ಕಾಪಾಡುವುದು ಅಂದರೆ ಕಲ್ಲು ಮಾಡುವುದೇ? ಮನೆಯಿಂದ ಬಿಡಿಸಿಕೊಳ್ಳಲು ಅವಳಿಗೆ ಬೇರೆ ದಾರಿಯೇ ಇರಲಿಲ್ಲವೇ? ನಾಲ್ಕನೆಯವರು ಹುತ್ತವನ್ನು ತೋರಿಸಿದರು. ಹಾಸನಾಂಬೆ ಇರುವುದು ಹುತ್ತದ ರೂಪದಲ್ಲಿ. ಆದರೆ ಸ್ಥಳಪುರಾಣ ಅವಳನ್ನು ಕಾಶಿಯಿಂದ ಬಂದ ಸಪ್ತಮಾತೃಕೆಯರ ಜೊತೆ ಸೇರಿಸುತ್ತದೆ. ಇಲ್ಲಿಯ ಮಣ್ಣಿನ ತಾಯಿಗೆ ಕಾಶಿಯ ನಂಟನ್ನು ಯಾರು, ಯಾವಾಗ ಕಟ್ಟಿದರು ಅಂತ ಅವರು ಕೇಳಿದರು.

ನಾಲ್ಕು ಮಾತಿನಲ್ಲೂ ಹುರುಳಿದೆ. ಆದರೆ ಒಂದನ್ನು ಗಮನಿಸಿ. ಭಕ್ತಿ ಅಂದವರು ಹೇಳುವಾಗ ಅತ್ತೆಯ ಏಟು ಸಣ್ಣದಾಗುತ್ತಿತ್ತು. ದುಡಿಮೆ ಅಂದವರ ಬಾಯಲ್ಲಿ ದೇವಿ ಮಾಯ. ಹುತ್ತ ತೋರಿಸಿದವರಿಗೆ ಸೊಸೆಯೇ ನೆನಪಿಲ್ಲ. ಅಕ್ಕಿಕಾಳಿನ ಲೆಕ್ಕವನ್ನಂತೂ ನಾಲ್ಕೂ ಜನ ಬಿಟ್ಟಿದ್ದರು. ನಮ್ಮ ಅಜ್ಜಿ ಮಾತ್ರ ಬಿಡುತ್ತಿರಲಿಲ್ಲ. ಅವಳಿಗೆ ಇಡೀ ಕಥೆಯ ಜೀವ ಅಲ್ಲೇ ಇತ್ತು.

ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಈ ಬಿಟ್ಟುಹೋದ ಭಾಗದ ಬಗ್ಗೆ. ಜನರನ್ನು ಕಂಡರೆ ಆಗದವರು ಜನರ ಹಾಡನ್ನು ಕೇಳಲಿಕ್ಕೇ ಹೋಗಲಿಲ್ಲ. ಹಾಡಿಗೆ ಕತ್ತರಿ ಹಾಕಿದವರು ಜನರನ್ನು ತುಂಬ ಪ್ರೀತಿಸಿದವರು. ನಾನೂ ಅವರಲ್ಲಿ ಒಬ್ಬ. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಯುರೋಪಿಗೆ ಹೋಗಿ ಬರೋಣ, ಯಾಕೆಂದರೆ ಜಾನಪದದ ಓದು ಒಂದು ಶಾಸ್ತ್ರವಾಗಿ ಬೆಳೆದದ್ದು ಅಲ್ಲಿ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಜರ್ಮನಿ ಅನ್ನುವ ಒಂದು ದೇಶ ಇರಲಿಲ್ಲ. ನೂರಾರು ಸಣ್ಣಪುಟ್ಟ ಸಂಸ್ಥಾನಗಳಿದ್ದವು. ದೊಡ್ಡವರ ಮನೆಗಳಲ್ಲಿ ಫ್ರೆಂಚ್ ಮಾತು. ಆಗ ಹೆರ್ಡರ್ ಎಂಬ ಚಿಂತಕ ಒಂದು ಮಾತು ಹೇಳಿದ: ಒಂದು ಜನಾಂಗದ ಜೀವ ಅದರ ಹಾಡಿನಲ್ಲಿದೆ, ಅದನ್ನು ಹಳ್ಳಿಯವರ ಬಾಯಲ್ಲಿ ಹುಡುಕಿ. 1778 ಮತ್ತು 1779ರಲ್ಲಿ ಬೇರೆ ಬೇರೆ ನಾಡಿನ ಜನರ ಹಾಡುಗಳನ್ನು ಸೇರಿಸಿ ಪ್ರಕಟಿಸಿದ. ಅವನು ಎಲ್ಲ ನಾಡಿನ ಹಾಡನ್ನೂ ಒಂದೇ ಸಮ ಗೌರವಿಸಿದ. ಅವನ ಮಾತನ್ನು ಹಿಡಿದುಕೊಂಡು ಮುಂದೆ ಬಂದವರೆಲ್ಲ ಹಾಗಿರಲಿಲ್ಲ.

ಗ್ರಿಮ್ ಅಣ್ಣತಮ್ಮಂದಿರ ಕಥೆ ಇನ್ನೂ ಹತ್ತಿರದಿಂದ ನೋಡುವಂಥದ್ದು. ಅವರಿದ್ದ ಕಾಸೆಲ್ ಊರನ್ನು ಆಗ ನೆಪೋಲಿಯನ್ನನ ತಮ್ಮ ಆಳುತ್ತಿದ್ದ. ಹಿರಿಯ ಯಾಕೋಬ್ ಅವನ ಗ್ರಂಥಾಲಯದಲ್ಲೇ ಕೆಲಸಕ್ಕಿದ್ದ. ಪರಕೀಯರ ಆಳ್ವಿಕೆಯಲ್ಲಿ ಕೂತು ತಮ್ಮ ಜನರ ಕಥೆ ಕೂಡಿಹಾಕುವುದು ಅವರಿಗೆ ದೇಶದ ಕೆಲಸವಾಗಿತ್ತು. 1812ರಲ್ಲಿ ಮೊದಲ ಸಂಪುಟ ಬಂತು. ಓದುಗರು ಇವು ಹಳ್ಳಿಯ ರೈತರ ಕಥೆ ಅಂದುಕೊಂಡರು. ನಿಜವಾಗಿ ಎಷ್ಟೋ ಕಥೆ ಹೇಳಿದವರು ಪಟ್ಟಣದ ಓದುಬರಹ ಬಲ್ಲ ಹೆಣ್ಣುಮಕ್ಕಳು. ಅವರಲ್ಲಿ ಫ್ರಾನ್ಸಿನಿಂದ ವಲಸೆ ಬಂದ ಮನೆತನದವರೂ ಇದ್ದರು. ಕೆಲವು ಕಥೆ ತೀರಾ ಫ್ರೆಂಚ್ ಅನ್ನಿಸಿ ಮುಂದಿನ ಮುದ್ರಣದಲ್ಲಿ ಹೊರಗೆ ಹೋದವು. ಇನ್ನೊಂದು ಬದಲಾವಣೆ ನನಗೆ ಮರೆಯಲಿಕ್ಕೆ ಆಗುವುದಿಲ್ಲ. ಮಕ್ಕಳನ್ನು ಕಾಡಿಗೆ ಅಟ್ಟುವವಳು, ಮಗಳ ಚೆಲುವಿಗೆ ಹೊಟ್ಟೆಕಿಚ್ಚು ಪಡುವವಳು ಮೊದಲ ಮುದ್ರಣದಲ್ಲಿ ಹೆತ್ತ ತಾಯಿ. ಆಮೇಲಿನ ಮುದ್ರಣಗಳಲ್ಲಿ ಅವಳು ಮಲತಾಯಿ ಆದಳು. ಒಳ್ಳೇ ಜನಾಂಗದ ತಾಯಿ ಕೆಟ್ಟವಳಾಗಲು ಸಾಧ್ಯವೇ? ಹಸಿವಿನ ವರ್ಷದಲ್ಲಿ ತಾಯಿಯೇ ಮಕ್ಕಳನ್ನು ಬಿಟ್ಟುಬರುವ ಸಂಕಟ ಆ ಒಂದು ಪದದ ಜೊತೆ ಅಳಿಸಿಹೋಯಿತು.

ಜಾನಪದಕ್ಕೆ ಇಂಗ್ಲಿಷಿನಲ್ಲಿರುವ ಹೆಸರೂ ಹೀಗೇ ಹುಟ್ಟಿದ್ದು. 1846ರಲ್ಲಿ ವಿಲಿಯಂ ಥಾಮ್ಸ್ ಎಂಬಾತ ಒಂದು ಪತ್ರಿಕೆಗೆ ಬೇರೆ ಹೆಸರಿನಲ್ಲಿ ಕಾಗದ ಬರೆದ. ಲ್ಯಾಟಿನ್ ಮೂಲದ ಪದ ಬೇಡ, ನಮ್ಮದೇ ಸ್ಯಾಕ್ಸನ್ ಬೇರಿನ ಪದ ಇರಲಿ ಅಂತ ‘ಫೋಕ್‌ಲೋರ್’ ಎಂಬ ಮಾತು ಕೊಟ್ಟ. ನಮ್ಮದು ಯಾವುದು, ಹೊರಗಿನದು ಯಾವುದು ಅನ್ನುವ ತಕ್ಕಡಿ ಆ ಪದದೊಳಗೇ ಕೂತಿತ್ತು.

ಫಿನ್ಲೆಂಡಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಹಾಡಿನ ಬಲದಿಂದ ಒಂದು ದೇಶ ತಲೆಯೆತ್ತಿ ನಿಂತಿತು ಅನ್ನುವುದಾದರೆ ಅದು ಅಲ್ಲಿ. ಮೊದಲು ಸ್ವೀಡನ್ನಿನ ಕೈಯಲ್ಲಿತ್ತು, 1809ರಿಂದ ರಷ್ಯಾದ ಕೈಯಲ್ಲಿ. ಫಿನ್ನಿಷ್ ಅಂದರೆ ರೈತರ ಮಾತು, ಓದಿದವರು ಆಡುತ್ತಿದ್ದುದು ಸ್ವೀಡಿಷ್. ಎಲಿಯಾಸ್ ಲೋನ್‌ರೂಟ್ ಎಂಬ ವೈದ್ಯ ಗಡಿಯಾಚೆಯ ಕರೇಲಿಯಾದ ಹಳ್ಳಿಗಳಿಗೆ ಹೋದ. ಅರ್ಹಿಪ್ಪ ಪೆರ್ತ್ತುನೆನ್ ಎಂಬ ರೈತ 1834ರಲ್ಲಿ ಅವನ ಮುಂದೆ ಮೂರು ದಿನ ಹಾಡಿದ. ಸುಮಾರು 4,000 ಸಾಲು. ಹೀಗೆ ಹಲವರಿಂದ ಪಡೆದ ಹಾಡುಗಳನ್ನು ಲೋನ್‌ರೂಟ್ ಒಂದಕ್ಕೊಂದು ಹೊಲಿದ. ಅಲ್ಲಲ್ಲಿ ತಾನೂ ಸಾಲು ಸೇರಿಸಿದ. 1835ರಲ್ಲಿ ‘ಕಾಲೆವಾಲ’ ಬಂತು. 1849ರಲ್ಲಿ ಅದು ಬೆಳೆದು 22,795 ಸಾಲಾಯಿತು. ನಮಗೂ ಒಂದು ಮಹಾಕಾವ್ಯ ಇದೆ ಅಂತ ಇಡೀ ನಾಡು ತಲೆಯೆತ್ತಿತು. ಇವತ್ತಿಗೂ ಫೆಬ್ರವರಿ 28 ಅಲ್ಲಿ ಕಾಲೆವಾಲ ದಿನ.

ಇದರಲ್ಲಿ ತಪ್ಪೇನು ಅಂತ ನೀವು ಕೇಳಬಹುದು. ತುಳಿತದಲ್ಲಿದ್ದ ಭಾಷೆಗೆ ಜೀವ ಬಂತಲ್ಲ. ಬಂತು, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಕನ್ನಡದವರಾದ ನಮಗೆ ಆ ಸಂಕಟ ಅರ್ಥವಾಗುತ್ತದೆ. ಆದರೆ ಮುಂದೇನಾಯಿತು ನೋಡಿ. ಕಾರ್ಲೆ ಕ್ರೂನ್ ಅಂತ ಅಲ್ಲಿಯ ಬಹು ದೊಡ್ಡ ವಿದ್ವಾಂಸ. ಒಂದು ಕಥೆ ಎಲ್ಲಿ ಹುಟ್ಟಿ ಎಲ್ಲಿಗೆ ನಡೆಯಿತು ಅಂತ ನಕ್ಷೆ ಹಾಕಿ ಹುಡುಕುವ ಪದ್ಧತಿಯನ್ನು ಬೆಳೆಸಿದವರು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇವತ್ತಿಗೂ ಅದನ್ನು ಪಾಠ ಮಾಡುತ್ತೇವೆ. ಕಾಲೆವಾಲದ ವೀರರು ಹಾಡು ಹಬ್ಬುತ್ತಾ ಬೆಳೆದ ಕಲ್ಪನೆಗಳು ಎಂಬುದು ಅವರ ಬಹು ಕಾಲದ ನಿಲುವು. ಫಿನ್ಲೆಂಡ್ 1917ರಲ್ಲಿ ಸ್ವತಂತ್ರವಾಯಿತು. 1918ರಲ್ಲಿ ಅದೇ ಕ್ರೂನ್ ನಿಲುವು ಬದಲಿಸಿದರು. ಆ ವೀರರು ನಿಜವಾಗಿ ಬದುಕಿದ್ದ ನಮ್ಮ ಹಿರಿಯ ಯೋಧರು ಅಂದರು. ಹಾಡು ಅದೇ. ಹೊಸ ದೇಶಕ್ಕೆ ಯೋಧರು ಬೇಕಾಗಿದ್ದರು.

ಆಮೇಲೆ ಹಾಡು ಸಿಕ್ಕ ಜಾಗವೆಲ್ಲ ನಮ್ಮದೇ ಅಲ್ವಾ ಅನ್ನುವ ಮಾತು ಶುರುವಾಯಿತು. ಕರೇಲಿಯಾದ ಆ ಹಳ್ಳಿಗಳು ಇದ್ದದ್ದು ರಷ್ಯಾದ ಕಡೆ. ಎರಡನೇ ಮಹಾಯುದ್ಧದಲ್ಲಿ ಫಿನ್ಲೆಂಡಿನ ಸೇನೆ ಆ ನೆಲಕ್ಕೆ ಹೋದಾಗ ಕಾಲೆವಾಲ ಅವರ ಬೆನ್ನಿಗಿತ್ತು. ಇತ್ತ 1949ರಲ್ಲಿ ಸೋವಿಯತ್ ಕರೇಲಿಯಾ ಅದೇ ಕಾವ್ಯದ ನೂರನೇ ವರ್ಷವನ್ನು ತನ್ನ ದುಡಿಯುವ ಜನರ ಕಾವ್ಯ ಅಂತ ಆಚರಿಸಿತು. ಗಡಿಯ ಈಚೆಗೂ ಆಚೆಗೂ ಒಂದೇ ಪುಸ್ತಕ. ಇಷ್ಟರ ನಡುವೆ ಹಾಡಿದವರ ಗತಿ? ಲಾರಿನ್ ಪರಾಸ್ಕೆ ಎಂಬ ಹೆಣ್ಣುಮಗಳಿಂದ ಬರೆದುಕೊಂಡದ್ದು 32,000ಕ್ಕೂ ಹೆಚ್ಚು ಸಾಲು. ಚಿತ್ರಕಾರರು ಅವಳ ಚಿತ್ರ ಬರೆದರು. 1904ರಲ್ಲಿ ಅವಳು ಕಡುಬಡತನದಲ್ಲೇ ತೀರಿಕೊಂಡಳು.

ಜರ್ಮನಿಯ ಮುಂದಿನ ಕಥೆ ಕರಾಳವಾದದ್ದು. ಹೆಚ್ಚು ಎಳೆಯುವುದಿಲ್ಲ. 1935ರಲ್ಲಿ ಹಿಟ್ಲರನ ಆಪ್ತ ಹಿಮ್ಲರ್ ‘ಪೂರ್ವಜರ ಪರಂಪರೆ’ ಎಂಬ ಅರ್ಥದ ಹೆಸರಿಟ್ಟು ಒಂದು ಸಂಶೋಧನಾ ಸಂಸ್ಥೆ ಕಟ್ಟಿದ. 1936ರಲ್ಲಿ ಅದರ ತಂಡ ಧ್ವನಿ ಮುದ್ರಿಸುವ ಯಂತ್ರ ಹೊತ್ತು ಕರೇಲಿಯಾಕ್ಕೇ ಹೋಗಿ ಮಂತ್ರ ಹಾಕುವ ಮುದುಕಿಯರನ್ನು ಹುಡುಕಿತು. ಶುದ್ಧ ಆರ್ಯರ ಹಳೇ ಮಂತ್ರ ಸಿಗುತ್ತದೆ ಅನ್ನುವ ನಂಬಿಕೆ. ವಿಶ್ವವಿದ್ಯಾಲಯಗಳಲ್ಲಿ ಜಾನಪದಕ್ಕೆ ಹೊಸ ಹುದ್ದೆಗಳು ಬಂದವು. ಒಪ್ಪದವರು ಪಾಠ ಮಾಡುವ ಹಕ್ಕು ಕಳೆದುಕೊಂಡರು. ವಿಲ್ ಎರಿಶ್ ಪಾಯ್ಕರ್ಟ್ ಎಂಬ ವಿದ್ವಾಂಸರಿಗೆ 1935ರಲ್ಲಿ ಹಾಗಾಯಿತು. ನನ್ನನ್ನು ಹೆದರಿಸುವ ವಿಷಯ ಒಂದಿದೆ. ಹಿಟ್ಲರನಂಥ ಸರ್ವಾಧಿಕಾರಿ ಬಂದು ಈ ಶಾಸ್ತ್ರವನ್ನು ಕೆಡಿಸಿದ ಅಂತ ಹೇಳಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ನಿಜವಾದ ಜನ, ಬೆರಕೆ ಇಲ್ಲದ ಹಾಡು, ನೆಲದ ರಕ್ತ, ಇವೆಲ್ಲ ಅವನಿಗಿಂತ ಮುಂಚೆಯೇ ಪಾಠದಲ್ಲಿದ್ದ ಮಾತುಗಳು. ಅವನು ಬಂದಾಗ ಮನೆ ಸಿದ್ಧವಾಗಿತ್ತು.

ಯುದ್ಧ ಮುಗಿದ ಮೇಲೆ ಆ ಮನೆಯನ್ನು ಗುಡಿಸಿದವರು ಹೆರ್ಮಾನ್ ಬೌಸಿಂಗರ್ ಮತ್ತು ಅವರ ಜೊತೆಯವರು. ಜನ ಅಂದರೆ ಹಳ್ಳಿಯಲ್ಲಿ ನಿಂತುಬಿಟ್ಟವರಲ್ಲ, ರೇಡಿಯೊ ಕೇಳುವವರೂ ಕಾರ್ಖಾನೆಯಲ್ಲಿ ದುಡಿಯುವವರೂ ಜನವೇ ಅಂದರು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ 1971ರಲ್ಲಿ ವಿಭಾಗದ ಹೆಸರಿನಿಂದ ಜನ ಎಂಬ ಅರ್ಥದ ‘ಫೋಲ್ಕ್’ ಪದವನ್ನೇ ತೆಗೆದುಹಾಕಿದರು. ಅಷ್ಟು ಗಾಯವಾಗಿತ್ತು ಆ ಪದಕ್ಕೆ.

ಸೋವಿಯತ್ ದೇಶದ ಕಥೆ ನನ್ನಂಥವನಿಗೆ ಹೇಳಲು ಕಷ್ಟ. ಯೌವನದಲ್ಲಿ ಆ ದೇಶದ ಅಗ್ಗದ ಪುಸ್ತಕಗಳನ್ನು ಓದಿಯೇ ನಾವು ಕಣ್ಣು ಬಿಟ್ಟದ್ದು. 1934ರ ಲೇಖಕರ ಮಹಾಸಭೆಯಲ್ಲಿ ಗೋರ್ಕಿ ಜಾನಪದವನ್ನು ದುಡಿಯುವವರ ಕಲೆ ಎಂದು ಎತ್ತಿ ಹಿಡಿದರು. ಒಳ್ಳೆಯ ಮಾತು. ಆದರೆ ಎರಡೇ ವರ್ಷದಲ್ಲಿ ಆ ಮಾತು ಆಜ್ಞೆಯಾಯಿತು. ರಷ್ಯಾದ ವೀರಗೀತೆಗಳು ಅರಮನೆಯ ಹಾಡುಗಾರರಲ್ಲಿ ಹುಟ್ಟಿ ರೈತರಿಗೆ ಇಳಿದವು ಅನ್ನುವುದು ಅಲ್ಲಿಯ ಹಳೇ ವಿದ್ವಾಂಸರ ವಾದ. 1936ರಲ್ಲಿ ಆ ವೀರರನ್ನು ಗೇಲಿ ಮಾಡಿದ ಒಂದು ಸಂಗೀತ ನಾಟಕವನ್ನು ಸರ್ಕಾರ ನಿಲ್ಲಿಸಿತು. ಅದರ ಬೆನ್ನಿಗೇ ಅರಮನೆಯ ವಾದ ಜನದ್ರೋಹವಾಯಿತು. ನಿನ್ನೆಯವರೆಗೆ ಅದನ್ನು ಪಾಠ ಮಾಡಿದವರೇ ಇವತ್ತು ತಪ್ಪಾಯಿತು ಅಂತ ಬರೆದುಕೊಟ್ಟರು. ಹೊಸ ಸಾಕ್ಷಿ ಸಿಕ್ಕಿ ವಾದ ಬಿದ್ದಿದ್ದರೆ ಯಾರದೂ ತಕರಾರಿಲ್ಲ. ಇಲ್ಲಿ ಬಿದ್ದದ್ದು ಹಾಗಲ್ಲ.

ಬಿಳಿ ಸಮುದ್ರದ ದಡದಲ್ಲಿ ಮಾರ್ಫಾ ಕ್ರುಕೋವಾ ಎಂಬ ಹಾಡುಗಾರ್ತಿ ಇದ್ದಳು. ತಲೆಮಾರುಗಳಿಂದ ಹಾಡಿಕೊಂಡು ಬಂದ ಮನೆತನ. ಅವಳ ಹತ್ತಿರ ಲೇಖಕರನ್ನು ಕಳಿಸಿದರು. ಲೆನಿನ್, ಸ್ಟಾಲಿನ್ನರ ಕಥೆ ಹೇಳಿಕೊಟ್ಟು ಹಳೇ ವೀರಗೀತೆಯ ಧಾಟಿಯಲ್ಲಿ ಹಾಡಿಸಿದರು. ಅವಳ ಹೆಸರು ದೇಶದ ತುಂಬಾ ಹಬ್ಬಿತು, ಲೇಖಕರ ಸಂಘದ ಸದಸ್ಯತ್ವವೂ ಸಿಕ್ಕಿತು. ಸ್ಟಾಲಿನ್ 1953ರಲ್ಲಿ ಸತ್ತ. ಮಾರನೇ ವರ್ಷ ಅವಳೂ ಸತ್ತಳು. ಅಷ್ಟರಲ್ಲಿ ಅದೇ ಪಂಡಿತರು ಅವಳ ಹೊಸ ಹಾಡುಗಳು ಜಾನಪದವೇ ಅಲ್ಲ ಅಂದುಬಿಟ್ಟರು. ಇದನ್ನು ಓದಿದಾಗಲೆಲ್ಲ ನನಗೆ ಎದೆ ಭಾರವಾಗುತ್ತದೆ. ಅವಳನ್ನು ಹಾಗೆ ಹಾಡಿಸಿದವರೂ ಅವರೇ, ಇದು ಹಾಡಲ್ಲ ಅಂದವರೂ ಅವರೇ.

ವ್ಲದಿಮೀರ್ ಪ್ರಾಪ್ ಅವರನ್ನು ಎಂ.ಎ. ಮಕ್ಕಳೆಲ್ಲ ಓದಿದ್ದೀರಿ. 1928ರಲ್ಲಿ ಕಥೆಯ ರಚನೆ ಬಗ್ಗೆ ಅವರು ಬರೆದ ಪುಸ್ತಕ, ಅದರ 31 ಕ್ರಿಯೆಗಳು, ಪರೀಕ್ಷೆಗೆ ಬಾಯಿಪಾಠ ಮಾಡುತ್ತೀರಿ. ಆ ಮನುಷ್ಯ 1946ರಲ್ಲಿ ಇನ್ನೊಂದು ಪುಸ್ತಕ ಬರೆದರು. ರಷ್ಯಾದ ಕಥೆಗಳನ್ನು ಬೇರೆ ಬೇರೆ ಖಂಡಗಳ ಕಥೆ, ಆಚರಣೆಗಳ ಜೊತೆ ಹೋಲಿಸಿದರು. 1948ರಲ್ಲಿ ಅದೇ ಅಪರಾಧವಾಯಿತು. ಹೊರಗಿನವರನ್ನು ಜಾಸ್ತಿ ಉಲ್ಲೇಖಿಸಿದ್ದೀರಿ, ನಮ್ಮ ಕಥೆ ಹೊರಗಿನ ಕಥೆಯಂತೆ ಇದೆ ಅಂದಿರಿ ಅಂತ ದಾಳಿ ನಡೆಯಿತು. ಅವರ 1928ರ ಪುಸ್ತಕ ಇಂಗ್ಲಿಷಿಗೆ ಬಂದದ್ದು 1958ರಲ್ಲಿ. ಜಗತ್ತು ಅವರನ್ನು ಹೊಗಳುವ ಹೊತ್ತಿಗೆ ಅವರು ಮುದುಕರಾಗಿದ್ದರು. ಮುಂದಿನ ಸಲ ಆ 31 ಕ್ರಿಯೆಗಳನ್ನು ಬಾಯಿಪಾಠ ಮಾಡುವಾಗ ಇದನ್ನೂ ನೆನೆಯಿರಿ.

ಅಮೆರಿಕದಲ್ಲಿ ಇದೆಲ್ಲ ಇರಲಿಲ್ಲ ಅಂದುಕೊಳ್ಳಬೇಡಿ. ಜೈಲು, ಹೊಲ, ಗಣಿಗಳಲ್ಲಿ ಹಾಡು ಹಿಡಿದ ಆಲನ್ ಲೋಮ್ಯಾಕ್ಸ್ ಎಡಪಂಥದವರು ಅನ್ನುವ ಅನುಮಾನದ ಗಾಳಿ ಬೀಸಿದಾಗ 1950ರಲ್ಲಿ ದೇಶ ಬಿಟ್ಟರು. ಎಂಟು ವರ್ಷ ಹೊರಗೇ ಇದ್ದರು.

ಸರಿ, ಮನೆಗೆ ಬರೋಣ.

ನಮ್ಮಲ್ಲಿ ಮೊದಮೊದಲು ಹಾಡು ಬರೆದುಕೊಂಡವರಲ್ಲಿ ಬ್ರಿಟಿಷ್ ಅಧಿಕಾರಿಗಳು, ಪಾದ್ರಿಗಳು ಇದ್ದರು. ಆಳಲಿಕ್ಕೆ ಜನರ ಮನಸ್ಸು ತಿಳಿಯಬೇಕಿತ್ತು. ಆದರೆ ಲೆಕ್ಕ ಅಷ್ಟು ಸಲೀಸಲ್ಲ. ಜೆ.ಎಫ್. ಫ್ಲೀಟ್ ಮುಂಬೈ ಸರ್ಕಾರದ ಅಧಿಕಾರಿ. ಶಾಸನ ಓದುವುದರಲ್ಲಿ ದೊಡ್ಡ ಹೆಸರು. ಅವರು 1885ರಿಂದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿ ಇದೆ. 1857ರಲ್ಲಿ ಆಯುಧ ಒಪ್ಪಿಸುವುದಿಲ್ಲ ಅಂತ ಎದ್ದ ಹಲಗಲಿ ಬೇಡರ ಲಾವಣಿ ಇದೆ. ಆದಾಯ ತೆರಿಗೆ ಹಾಕಿದ್ದಕ್ಕೆ ಜನ ಗೋಳಾಡಿದ ಲಾವಣಿಯೂ ಇದೆ. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ್ದು ಇದೇ ಬ್ರಿಟಿಷ್ ಆಳ್ವಿಕೆ. ತಮ್ಮ ಆಳ್ವಿಕೆಯನ್ನೇ ಬೈದ ಹಾಡನ್ನು ಆ ಅಧಿಕಾರಿ ಬಿಡದೆ ಬರೆದುಕೊಂಡರು. ಹಲಗಲಿಯ ಲಾವಣಿಯನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಿರುವುದು ಅದರಿಂದ. ತನಗೆ ಒಗ್ಗದ ಸಾಲನ್ನೂ ಬರೆದಿಟ್ಟ ಆ ಗುಣವನ್ನು ನಾನು ಅವರಿಂದ ಕಲಿಯಬೇಕಿತ್ತು.

ಆಮೇಲೆ ಬಂದದ್ದು ನಮ್ಮವರ ಕಾಲ. 1931ರಲ್ಲಿ ಹಲಸಂಗಿ ಗೆಳೆಯರು ಎಂಬ ಬಳಗದವರು ಹೆಣ್ಣುಮಕ್ಕಳ ಹಾಡು ಕೂಡಿಸಿ ‘ಗರತಿಯ ಹಾಡು’ ತಂದರು. ಆ ಪುಸ್ತಕದ ಬಗ್ಗೆ ನನಗಿರುವ ಗೌರವ ದೊಡ್ಡದು. ಓದುಬರಹ ಇಲ್ಲದ ಹೆಣ್ಣುಮಕ್ಕಳು ಕವಿಗಳು ಅಂತ ಕನ್ನಡಕ್ಕೆ ಎದೆ ತಟ್ಟಿ ಹೇಳಿದ್ದು ಅದು. ಆದರೂ ಆ ಹೆಸರನ್ನು ಒಮ್ಮೆ ನಿಧಾನವಾಗಿ ಅನ್ನಿ. ಗರತಿ. ಬೀಸುಕಲ್ಲಿನ ಮುಂದೆ ಕೂತ ಹೆಣ್ಣು ಗರತಿತನದ ಹಾಡನ್ನಷ್ಟೇ ಹಾಡುತ್ತಾಳಾ? ಮದುವೆ ಮನೆಯಲ್ಲಿ ಬೀಗರನ್ನು ಜರಿಯುವ ಹಾಡು, ಗಂಡಸರು ಇಲ್ಲದಾಗ ಹೇಳುವ ಪೋಲಿ ಹಾಡು, ಇವೂ ಅವಳವೇ ಅಲ್ವಾ. ಅದು ಸ್ವಾತಂತ್ರ್ಯ ಹೋರಾಟದ ಕಾಲ. ಪರಕೀಯರ ಮುಂದೆ ನಮ್ಮ ತಾಯಂದಿರನ್ನು ತಲೆಯೆತ್ತಿ ತೋರಿಸಬೇಕಿತ್ತು. ಆ ಕಾಲದ ಒತ್ತಡ ನನಗೆ ಅರ್ಥವಾಗುತ್ತದೆ. ಅವರು ಮಾಡಿದ್ದು ದೊಡ್ಡ ಕೆಲಸ. ಆದರೆ ಉಳಿದ ಹಾಡುಗಳಿಗೆ ಹೊಸಿಲು ದಾಟಲು ಇನ್ನೂ ಎಷ್ಟೋ ವರ್ಷ ಹಿಡಿಯಿತು.

ನಮ್ಮ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರೂ ಆ ತಲೆಮಾರಿನವರೇ. ಹೇಮಾವತಿ ದಂಡೆಯವರು, ಗಾಂಧಿಯ ದಾರಿ ಹಿಡಿದವರು, ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋದವರು. ಹಳ್ಳಿಯ ಹಾಡುಗಳನ್ನು ಕೂಡಿಸಿದರು. ಗಾಂಧಿ ಹಳ್ಳಿಗೆ ಹೋಗಿ ಅಂದದ್ದಕ್ಕೂ ಗೊರೂರರ ಕಿವಿ ಹಳ್ಳಿಯ ಹಾಡಿಗೆ ತೆರೆದದ್ದಕ್ಕೂ ನಂಟಿದೆ ಅಂತ ನನ್ನ ನಂಬಿಕೆ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಸಿದ್ಧಾಂತ ಬರೀ ಕೆಡಿಸುತ್ತದೆ ಅಂತ ಯಾರೂ ಮನೆಗೆ ಹೋಗಬಾರದು. ಸಿದ್ಧಾಂತವೇ ಇಲ್ಲದಿದ್ದರೆ ಯಾರು ಸುಮ್ನೆ ಬಿಸಿಲಲ್ಲಿ ನಡೆದು ಹಾಡು ಹುಡುಕುತ್ತಿದ್ದರು? ಗಾಂಧಿಯವರು ನಮ್ಮನ್ನು ಹಳ್ಳಿಗೆ ಕಳಿಸಿದರು. ಎಡಪಂಥ ಕೂಲಿಯವರ ಹತ್ತಿರ ಕಳಿಸಿತು. ದಲಿತ ಚಳವಳಿ, ಬಂಡಾಯ ಬಂದ ಮೇಲೆ ಊರ ಹೊರಗಿನ ಕೇರಿಗೆ ಹೋದೆವು. ಮಂಟೇಸ್ವಾಮಿ, ಮಾದೇಶ್ವರನ ಕಾವ್ಯಗಳನ್ನು ಹಾಡುವ ನೀಲಗಾರರು, ದೇವರಗುಡ್ಡರ ಮುಂದೆ ತಲೆಬಾಗಿ ಕೂತೆವು. ಹೆಣ್ಣುಮಕ್ಕಳ ಚಳವಳಿ ಅಡುಗೆಮನೆಯ ಕಥೆಗೆ ಕಿವಿ ಕೊಡಿ ಅಂತು. ಮೈಸೂರಿನವರೇ ಆದ ಎ.ಕೆ. ರಾಮಾನುಜನ್ ಕನ್ನಡದ ಅಜ್ಜಿಯರ ಕಥೆಗಳನ್ನು ಇಟ್ಟುಕೊಂಡು ಒಂದು ಮಾತು ತೋರಿಸಿಕೊಟ್ಟರು. ಗಂಡಿನ ಕಥೆ ಮದುವೆಯಲ್ಲಿ ಮುಗಿಯುತ್ತದೆ, ಹೆಣ್ಣಿನ ಕಥೆಯ ಕಷ್ಟ ಮದುವೆಯಿಂದ ಶುರುವಾಗುತ್ತದೆ. ಸೊಸೆಕಲ್ಲಿನ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಾಗಿಲು ತೆಗೆದದ್ದು ಸಿದ್ಧಾಂತವೇ. ಆದರೆ ಬಾಗಿಲು ತೆಗೆದವರು ಒಳಗೆ ಏನಿರಬೇಕು ಅಂತಲೂ ಮೊದಲೇ ತೀರ್ಮಾನಿಸಿಕೊಂಡು ಹೋದರೆ ಏನಾಗುತ್ತದೆ, ಅದಕ್ಕೆ ನನ್ನದೇ ಕಥೆ.

1983. ಅರಕಲಗೂಡು ಕಡೆಯ ಒಂದು ಹಳ್ಳಿ. ನನಗೆ ಇಪ್ಪತ್ತನಾಲ್ಕು ವರ್ಷ. ಹೆಗಲಲ್ಲಿ ಎರವಲು ತಂದ ಟೇಪ್ ರೆಕಾರ್ಡರ್, ಜೇಬಲ್ಲಿ ಎರಡು ಕ್ಯಾಸೆಟ್, ತಲೆಯಲ್ಲಿ ಬಂಡಾಯದ ಮಾತು. ಆ ಊರಲ್ಲಿ ಕೂಲಿ ಮಾಡುವ ಒಬ್ಬ ಅಜ್ಜಿ ಇದ್ದಳು. ಹಾಡಿಗೆ ಸುತ್ತ ಊರಿಗೆಲ್ಲ ಹೆಸರಾದವಳು. ‘ಕುಂತ್ಕೊ ಮಗ, ಈಗ ಗಂಟಲು ಒಣಗದೆ. ಎಲೆಡಿಕೆ ಇದ್ರೆ ಕೊಡು’ ಅಂದಳು. ಮೂರು ಸಂಜೆ ಹಾಡಿದಳು. ಬೀಸುವ ಪದ, ನಾಟಿಯ ಪದ, ಸತ್ತವರಿಗೆ ಅಳುವ ಪದ. ಕೊನೆಯ ಸಂಜೆ ಒಂದು ಕಣದ ಪದ ಹಾಡಿದಳು. ಕೂಲಿಯವಳ ನೋವು ಅದರಲ್ಲಿ ತುಂಬಿತ್ತು. ಬೆನ್ನು ಬಾಗಿದ್ದು, ಕೂಸನ್ನು ಬದುವಿನ ಮೇಲೆ ಮಲಗಿಸಿದ್ದು, ಇರುವೆ ಕಚ್ಚಿದ್ದು. ನನ್ನ ಕಣ್ಣಲ್ಲಿ ನೀರು ಬಂತು. ಅದೇ ಉಸಿರಿನಲ್ಲಿ ಇನ್ನೂ ಮೂರು ನುಡಿ ಬಂದವು. ಅವು ಗೌಡರ ಮನೆಗೆ ಹರಸುವ ನುಡಿಗಳು. ಕಣ ತುಂಬಲಿ, ಕೊಟ್ಟಿಗೆ ತುಂಬಲಿ, ಗೌಡ್ತಿಯ ತೊಟ್ಟಿಲು ತೂಗಲಿ ಅಂತ.

ನನಗೆ ಸಿಟ್ಟು ಬಂತು. ಅಜ್ಜಿಯ ಮೇಲಲ್ಲ, ಆ ನುಡಿಗಳ ಮೇಲೆ. ಇಷ್ಟು ದುಡಿಸಿಕೊಂಡವರಿಗೆ ಹರಕೆಯೇ? ಇದು ಯಾರೋ ಆಮೇಲೆ ಸೇರಿಸಿದ್ದು, ಗೌಡರ ಭಯಕ್ಕೆ ಹುಟ್ಟಿದ್ದು ಅಂತ ನನಗೆ ನಾನೇ ಹೇಳಿಕೊಂಡೆ. ನಾಲ್ಕು ವರ್ಷ ಆದ ಮೇಲೆ ಆ ಹಾಡುಗಳನ್ನು ಸಣ್ಣ ಪುಸ್ತಕ ಮಾಡಿದಾಗ ಆ ಮೂರು ನುಡಿ ಬಿಟ್ಟೆ. ಚುಕ್ಕಿ ಕೂಡ ಇಡಲಿಲ್ಲ. ಮುನ್ನುಡಿಯಲ್ಲಿ ಪ್ರತಿಭಟನೆಯ ದನಿ ಅಂತ ಬರೆದೆ. ಎಷ್ಟೋ ಜನ ಆ ಹಾಡನ್ನು ಎತ್ತಿ ಬರೆದರು, ಸಭೆಗಳಲ್ಲಿ ಹಾಡಿದರು. ಅಜ್ಜಿಯ ಹೆಸರನ್ನೂ ನಾನು ಹಾಕಿರಲಿಲ್ಲ. ಜನಪದ ಅಂದ ಮೇಲೆ ಅದು ಎಲ್ಲರದು, ಒಬ್ಬರ ಹೆಸರು ಯಾಕೆ ಅಂತ ಆಗ ನಾವೆಲ್ಲ ಅಂದುಕೊಂಡಿದ್ದೆವು. ಯೋಚನೆ ಮಾಡಿ ನೋಡಿ. ಕವನಕ್ಕೆ ಕವಿಯ ಹೆಸರು ಬೇಕು. ಹಾಡಿದವಳಿಗೆ ಬೇಡವೇ? ಹೆರ್ಡರನ ಕಾಲದಿಂದ ನಮಗೆ ಬಂದ ಬಳುವಳಿ ಅದು. ಹಾಡುವುದು ಜನಾಂಗ, ಅಜ್ಜಿ ಬರೀ ಬಾಯಿ.

ಈ ಪಾಠವನ್ನು ನನಗೆ ಸರಿಯಾಗಿ ಕಲಿಸಿದ್ದು ಘಾಟಿಯ ಕೆಳಗಿನ ಕೆಲಸ. ಚಾರ್ಮಾಡಿ ಇಳಿದರೆ ಉಜಿರೆ. ಅಲ್ಲಿಯ ಗೋಪಾಲ ನಾಯ್ಕರು ಸಿರಿ ಪಾಡ್ದನವನ್ನು, ಅಂದರೆ ಸಿರಿ ಎಂಬ ಹೆಣ್ಣಿನ ಕಥೆ ಹೇಳುವ ತುಳು ಹಾಡುಕಾವ್ಯವನ್ನು, ಇಡಿಯಾಗಿ ಬಲ್ಲವರು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರೂ ನಮ್ಮ ವಿದ್ವಾಂಸರಾದ ವಿವೇಕ ರೈ, ಚಿನ್ನಪ್ಪ ಗೌಡರೂ ಕೂತು ಅವರಿಂದ ಅದನ್ನು ಕೇಳಿದರು. 1998ರಲ್ಲಿ ಅಚ್ಚಾದಾಗ 15,683 ಸಾಲು. ಹಲವರ ಹಾಡನ್ನು ಹೊಲಿದು ಒಂದು ಮಾಡಲಿಲ್ಲ. ಒಬ್ಬ ಹಾಡುಗಾರ ಹೇಳಿದ್ದು ಹೇಳಿದಂತೆ. ಪುಸ್ತಕದ ಹೆಸರಿನಲ್ಲೇ ಗೋಪಾಲ ನಾಯ್ಕರ ಹೆಸರಿದೆ. ಕಾಲೆವಾಲದ ದೇಶದಿಂದ ಬಂದವರು ಈ ಕೆಲಸಕ್ಕೆ ಕೈಹಾಕಿದರು ಅನ್ನುವುದು ನನಗೆ ತುಂಬ ಮುಖ್ಯ. ಲೋನ್‌ರೂಟ್ ಹಿಡಿದ ದಾರಿಯನ್ನು ಅವನ ನಾಡಿನವರೇ ನಮ್ಮ ನೆಲದಲ್ಲಿ ಬಿಟ್ಟುಕೊಟ್ಟರು.

ಇವತ್ತು ಬೇರೆ ಕತ್ತರಿಗಳು ಬಂದಿವೆ. ಒಂದೊಂದು ಜಾತಿಯವರೂ ತಮ್ಮ ವೀರನ ಕಾವ್ಯವನ್ನು ತಾವೇ ಅಚ್ಚು ಹಾಕಿಸುತ್ತಿದ್ದಾರೆ. ಇಷ್ಟು ದಿನ ಬಾಯಿ ಇಲ್ಲದವರಿಗೆ ಬಾಯಿ ಬಂತು, ಸಂತೋಷವೇ. ಆದರೆ ನಾಯಕ ಸೋತ ಜಾಗ, ತಪ್ಪು ಮಾಡಿದ ಜಾಗ, ಬೇರೆ ಜಾತಿಯ ಹೆಣ್ಣನ್ನು ಮೆಚ್ಚಿದ ಜಾಗ ಕಾಣೆಯಾಗುತ್ತಿವೆ. ದೇವರ ಕಥೆಯಲ್ಲಿ ಹೆಂಡ, ಮಾಂಸ ಇದ್ದರೆ ಅದನ್ನೂ ತೆಗೆಯುತ್ತಿದ್ದಾರೆ. ವೀರಗಾಸೆ, ಸೋಮನ ಕುಣಿತಗಳಿಗೆ ಮೆರವಣಿಗೆಯಲ್ಲಿ ಸಿಗುವುದು ಐದು ನಿಮಿಷ. ಆ ಐದು ನಿಮಿಷಕ್ಕೆ ಹೊಂದುವುದಷ್ಟೇ ಹುಡುಗರು ಕಲಿಯುತ್ತಿದ್ದಾರೆ. ಕೈಯಲ್ಲಿ ಫೋನ್ ಇರುವ ನೀವು ದಯವಿಟ್ಟು ಪೂರ್ತಿ ಹಿಡಿಯಿರಿ. ಕೆಮ್ಮು, ಮರೆವು, ನಡುವೆ ಬಂದ ಸಿನಿಮಾ ಧಾಟಿ, ಎಲ್ಲ ಇರಲಿ. ನಿಮಗೆ ಸಿಟ್ಟು ಬರುವ ಸಾಲು ಬಂದರೆ ಅಲ್ಲಿ ಗುರುತು ಹಾಕಿ, ಅಳಿಸಬೇಡಿ. ಯಾಕೆ ಅಂತ ಹಾಡಿದವರನ್ನೇ ಕೇಳಿ. ನಾನು ಕೇಳಲಿಲ್ಲ.

ಹೋದ ವರ್ಷ ಆ ಹಳೇ ಕ್ಯಾಸೆಟ್ಟನ್ನು ಗೆಳೆಯರೊಬ್ಬರು ಪೆನ್‌ಡ್ರೈವಿಗೆ ಹಾಕಿಕೊಟ್ಟರು. ಅದನ್ನು ಹಿಡಿದುಕೊಂಡು ಆ ಹಳ್ಳಿಗೆ ಹೋದೆ. ಅಜ್ಜಿ ತೀರಿಕೊಂಡು ಬಹಳ ವರ್ಷವಾಗಿದೆ. ಮೊಮ್ಮಗಳು ಇದ್ದಾಳೆ, ನಲವತ್ತು ದಾಟಿದವಳು. ಜಗಲಿಯ ಮೇಲೆ ಕೂತು ಫೋನಿನಲ್ಲಿ ಹಾಡು ಹಾಕಿದೆ. ಅಜ್ಜಿಯ ದನಿ ಬಂದ ಕೂಡಲೇ ಅವಳು ಸೆರಗು ಬಾಯಿಗೆ ಹಿಡಿದಳು. ಹಾಡು ಆ ಮೂರು ನುಡಿಗೆ ಬಂತು. ನಾನು ನಿಲ್ಲಿಸಿ, ಇವನ್ನು ಪುಸ್ತಕದಲ್ಲಿ ಹಾಕಿಲ್ಲ ತಾಯಿ, ತಪ್ಪು ಮಾಡಿದೆ ಅಂದೆ. ಯಾಕೆ ಬಿಟ್ಟೆ ಅಂತಲೂ ಹೇಳಿದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನನ್ನನ್ನು ನೋಡಿ ಹೇಳಿದಳು: ‘ಅಯ್ಯೋ ಸಾರ್, ಅದು ರಾಶಿ ದಿವ್ಸ ಹಾಡೋದು. ಮೊದ್ಲು ಕಷ್ಟ ಹೇಳ್ಬೇಕು, ಆಮೇಲೆ ಹರಸ್ಬೇಕು. ಎಲ್ರ ಮುಂದೆ ಹರಸುದ್ಮೇಲೆ ಗೌಡ್ರು ಕಮ್ಮಿ ಅಳೆಯಕ್ಕೆ ಆಗಲ್ಲ, ಮರ್ಯಾದೆ ಹೋಗ್ತದೆ. ನಮ್ಮಜ್ಜಿ ಆ ಮೂರು ನುಡಿ ಹೇಳೋವರ್ಗೂ ಮೊರ ಕೆಳಗೆ ಇಡ್ತಿರ್ನಿಲ್ಲ. ಅದ್ರಲ್ಲೇ ಸಾರ್ ನಮ್ಮಪ್ಪ ಉಂಡು ಬೆಳೆದಿದ್ದು.’

ಆಮೇಲೆ ಫೋನ್ ಇಸಿದುಕೊಂಡು ಆ ಮೂರು ನುಡಿಯನ್ನು ಇನ್ನೊಂದು ಸಲ ಹಾಕಿಸಿಕೊಂಡು ಕೇಳಿದಳು. ಒಂದು ಪದ ನನಗೆ ತಪ್ಪಾಗಿ ಕೇಳಿಸಿತ್ತು. ತಿದ್ದಿಕೊಟ್ಟಳು. ಬರೆದುಕೊಂಡೆ.